ಕಾಯಿಹಾಲಿಗೆ ರಮ್: ಪೋರ್ಟೊ ರಿಕೊದ ಕೋಕಿಟೊ ಮನೆಯಲ್ಲೇ ಮಾಡುವ ಬಗೆ

ಡಿಸೆಂಬರ್ ಹತ್ತಿರವಾಗುತ್ತಿದ್ದಂತೆ ಕೆರಿಬಿಯನ್ ದ್ವೀಪವಾದ ಪೋರ್ಟೊ ರಿಕೊದ ಮನೆಗಳಲ್ಲಿ ಖಾಲಿ ರಮ್ ಬಾಟಲಿಗಳಿಗೆ ಬೆಲೆ ಬರುತ್ತದೆ. ಗುಜರಿಗೆ ಹಾಕದೆ ಅವನ್ನು ತೊಳೆದು, ಬಿಸಿಲಿಗಿಟ್ಟು, ಒಣಗಿಸಿ ಎತ್ತಿಡುತ್ತಾರೆ. ಹಬ್ಬದ ದಿನಗಳಲ್ಲಿ ಅವುಗಳಲ್ಲಿ ತುಂಬುವುದು ಕೋಕಿಟೊ. ಕಾಯಿಹಾಲು, ಕಂಡೆನ್ಸ್ಡ್ ಮಿಲ್ಕ್, ದಾಲ್ಚಿನ್ನಿ, ಜಾಯಿಕಾಯಿ, ಬಿಳಿ ರಮ್ ಸೇರಿದ ದಪ್ಪನೆಯ, ತಣ್ಣಗಿನ, ಸಿಹಿ ಪಾನೀಯ ಅದು. ಒಂದು ಬಾಟಲಿ ಮನೆಗೆ, ಒಂದು ಪಕ್ಕದ ಮನೆಗೆ, ಒಂದು ಆಫೀಸಿನ ಗೆಳೆಯರಿಗೆ ಎಂದು ಹಂಚಿಕೆಯಾಗುತ್ತದೆ. ಯಾರ ಮನೆಯದು ಚೆನ್ನ ಎಂಬ ಜಗಳ ಪ್ರತಿವರ್ಷ ಹೊಸದಾಗಿ ಶುರುವಾಗುತ್ತದೆ.

ಅಲ್ಲಿನ ಕ್ರಿಸ್‌ಮಸ್ ಒಂದು ದಿನದ್ದಲ್ಲ. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಹಬ್ಬದ ಗಾಳಿ ಬೀಸತೊಡಗಿದರೆ ಡಿಸೆಂಬರ್ 24ರ ರಾತ್ರಿಯ ದೊಡ್ಡ ಊಟ, ಜನವರಿ 6ರ ಮೂರು ರಾಜರ ಹಬ್ಬ, ಅದರ ನಂತರದ ಎಂಟು ದಿನಗಳ ಒಕ್ಟಾವಿಟಾಸ್ ಎಲ್ಲ ದಾಟಿ, ಜನವರಿ ಮೂರನೇ ವಾರದ ಹೊತ್ತಿಗೆ ಹಳೆಯ ಸ್ಯಾನ್ ಹುವಾನ್‌ನ ಸ್ಯಾನ್ ಸೆಬಾಸ್ಟಿಯನ್ ಬೀದಿ ಉತ್ಸವದಲ್ಲಿ ಮುಗಿಯುತ್ತದೆ. ನಡುವೆ ಪಾರಾಂಡಾ ಎಂಬ ಪದ್ಧತಿಯೊಂದಿದೆ. ಗಿಟಾರು, ಗೂಯಿರೊ ವಾದ್ಯ ಹಿಡಿದ ಗುಂಪು ನಡುರಾತ್ರಿ ಗೆಳೆಯರ ಮನೆ ಬಾಗಿಲಿಗೆ ಬಂದು, ಮಲಗಿದವರನ್ನು ಹಾಡಿಯೇ ಎಬ್ಬಿಸುತ್ತದೆ. ಎದ್ದವರು ಏನಾದರೂ ತಿನ್ನಲು, ಕುಡಿಯಲು ಕೊಟ್ಟು, ತಾವೂ ಗುಂಪಿಗೆ ಸೇರಿ ಮುಂದಿನ ಮನೆಗೆ ಹೊರಡುತ್ತಾರೆ. ಹೀಗೆ ಹೇಳದೆ ಕೇಳದೆ ಬರುವವರಿಗಾಗಿ ಫ್ರಿಜ್‌ನಲ್ಲಿ ಏನಾದರೂ ಸಿದ್ಧವಿರಲೇಬೇಕಲ್ಲ! ಮೊದಲೇ ಮಾಡಿಟ್ಟು, ಕುಲುಕಿ ಬಗ್ಗಿಸಿದರೆ ಮುಗಿಯುವ ಕೋಕಿಟೊ ಆ ಹೊತ್ತಿಗೆ ಹೇಳಿ ಮಾಡಿಸಿದ್ದು.

ನಮಗೂ ಈ ಪಾನೀಯಕ್ಕೂ ಏನು ನಂಟು ಎನ್ನುವವರು ತೆಂಗಿನ ಪ್ರಯಾಣವನ್ನು ನೋಡಬೇಕು. ಜಗತ್ತಿನ ಸಾವಿರದ ಮುನ್ನೂರಕ್ಕೂ ಹೆಚ್ಚು ತೆಂಗಿನ ಮರಗಳ ಡಿಎನ್‌ಎ ಪರೀಕ್ಷಿಸಿ 2011ರಲ್ಲಿ ಪ್ರಕಟವಾದ ಅಧ್ಯಯನವೊಂದು, ತೆಂಗಿಗೆ ಎರಡು ಮೂಲಗಳಿವೆ ಎಂದು ತೋರಿಸಿತು. ಒಂದು ಪೆಸಿಫಿಕ್ ಕಡೆಯದು, ಇನ್ನೊಂದು ಹಿಂದೂ ಮಹಾಸಾಗರದ್ದು. ಕೆರಿಬಿಯನ್ ಕಡಲತೀರದ ತೆಂಗು ಈ ಎರಡನೆಯ ವಂಶದ್ದು. ನಮ್ಮ ಕಡೆಯ ಕಾಯಿ ಪೋರ್ಚುಗೀಸರ ಹಡಗೇರಿ, ಆಫ್ರಿಕಾದ ಪಶ್ಚಿಮಕ್ಕಿರುವ ಕೇಪ್ ವರ್ಡ್ ದ್ವೀಪಗಳ ದಾರಿಯಾಗಿ ಅಲ್ಲಿಗೆ ತಲುಪಿತು. ರಮ್ಮಿಗೆ ಬೇಕಾದ ಕಬ್ಬೂ ಕೆರಿಬಿಯನ್‌ನದಲ್ಲ; 1493ರಲ್ಲಿ ಕೊಲಂಬಸ್ ತನ್ನ ಎರಡನೇ ಯಾನದಲ್ಲಿ ಒಯ್ದದ್ದು. ಇನ್ನು ಅವರ ಹಬ್ಬದ ಊಟದಲ್ಲಿ ಅನ್ನದ ಜೊತೆ ಬೇಯುವ ಗಾಂಡುಲೆಸ್ ಎಂದರೆ ನಮ್ಮ ಹಸಿ ತೊಗರಿಕಾಳೇ. ಕಲಬುರಗಿಯವರು ಆ ತಟ್ಟೆಯ ಮುಂದೆ ಕೂತರೆ ಪರಿಚಯ ಹೇಳಬೇಕಾಗಿಲ್ಲ.

ಡಬ್ಬಿಗಳ ಪಾನೀಯ

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಒಪ್ಪಬೇಕು. ಇವತ್ತಿನ ಕೋಕಿಟೊ ತೋಟದಲ್ಲಿ ಹುಟ್ಟಿದ್ದಕ್ಕಿಂತ ಹೆಚ್ಚಾಗಿ ಕಿರಾಣಿ ಅಂಗಡಿಯ ಕಪಾಟಿನಲ್ಲಿ ಹುಟ್ಟಿದ್ದು. ಪೋರ್ಟೊ ರಿಕೊದ ಮನೆಗಳಲ್ಲಿ ಅದರ ಲೆಕ್ಕ ಹೇಳುವುದೇ ಡಬ್ಬಿಗಳಲ್ಲಿ: ಕಾಯಿಹಾಲು ಒಂದು ಡಬ್ಬಿ, ಸಿಹಿ ಕಾಯಿಕೆನೆ ಒಂದು ಡಬ್ಬಿ, ಕಂಡೆನ್ಸ್ಡ್ ಮಿಲ್ಕ್ ಒಂದು ಡಬ್ಬಿ, ಸಕ್ಕರೆ ಹಾಕದೆ ಗಟ್ಟಿ ಮಾಡಿದ ಎವಾಪರೇಟೆಡ್ ಮಿಲ್ಕ್ ಒಂದು ಡಬ್ಬಿ. ಮೇಲೆ ರಮ್, ವೆನಿಲ್ಲಾ, ಮಸಾಲೆ. ಗೇಲ್ ಬೋರ್ಡನ್ ಅಮೆರಿಕದಲ್ಲಿ ಕಂಡೆನ್ಸ್ಡ್ ಮಿಲ್ಕ್‌ಗೆ ಪೇಟೆಂಟ್ ಪಡೆದದ್ದು 1856ರಲ್ಲಿ. 1898ರಲ್ಲಿ ದ್ವೀಪ ಅಮೆರಿಕದ ಕೈಗೆ ಹೋಯಿತು. ಸೆಕೆಯ ನಾಡಿನಲ್ಲಿ, ಫ್ರಿಜ್ ಇಲ್ಲದ ಕಾಲದಲ್ಲಿ, ಕೆಡದ ಹಾಲು ಎಷ್ಟು ದೊಡ್ಡ ಅನುಕೂಲವೆಂದು ನಮ್ಮ ಕರಾವಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಸಿಹಿ ಕಾಯಿಕೆನೆಯನ್ನು ಡಬ್ಬಿಗೆ ತಂದವರು ಪೋರ್ಟೊ ರಿಕೊ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ರಾಮೊನ್ ಲೋಪೆಸ್ ಇರಿಸಾರಿ. ಕಳೆದ ಶತಮಾನದ ನಡುಭಾಗದಲ್ಲಿ ಅವರು ರೂಪಿಸಿದ 'ಕೋಕೊ ಲೋಪೆಸ್' ಇಲ್ಲದೆ ಪಿನ್ಯಾ ಕೊಲಾಡಾ ಕೂಡ ಇರುತ್ತಿರಲಿಲ್ಲ. 1978ರಲ್ಲಿ ಪೋರ್ಟೊ ರಿಕೊ ಅಧಿಕೃತ ಪಾನೀಯವೆಂದು ಘೋಷಿಸಿದ್ದು ಪಿನ್ಯಾ ಕೊಲಾಡಾವನ್ನು. ಆದರೆ ಅದು ಹೋಟೆಲಿನ ಕೂಸು. ಕೋಕಿಟೊ ಮನೆಯದು.

ನಮ್ಮಲ್ಲಿ ಹೊಸ ಕಾಯಿ ತುರಿದು ಹಾಲು ತೆಗೆಯುವ ಕೈಗಳಿವೆ. ಹಾಗಾದರೆ ಡಬ್ಬಿಯೇ ಬೇಡವೇ? ನನ್ನ ಉತ್ತರ: ಅರ್ಧ ಬೇಡ, ಅರ್ಧ ಬೇಕು. ಹೊಸ ಕಾಯಿಹಾಲಿನ ಪರಿಮಳ ಯಾವ ಡಬ್ಬಿಯಲ್ಲೂ ಇಲ್ಲ. ಆದರೆ ಅದು ಬೇಗ ಹುಳಿಯುತ್ತದೆ, ಬೇಗ ಒಡೆಯುತ್ತದೆ, ಫ್ರಿಜ್‌ನಲ್ಲಿ ಬೇಗ ಹೆಪ್ಪುಗಟ್ಟುತ್ತದೆ. ಪ್ಯಾಕೆಟ್ ಕಾಯಿಹಾಲಿನಲ್ಲಿ ಸಾಮಾನ್ಯವಾಗಿ ಗೋರಿಕಾಯಿ ಬೀಜದ ಅಂಟು ಮುಂತಾದವನ್ನು ಬೆರೆಸಿರುತ್ತಾರೆ. ಕೊಬ್ಬು, ನೀರು ಬೇರಾಗದಂತೆ ಅವು ತಡೆಯುತ್ತವೆ. ಎರಡನ್ನೂ ಕೂಡಿಸಿದರೆ ಪರಿಮಳವೂ ಉಳಿಯುತ್ತದೆ, ಬಾಟಲಿಯೂ ನೆಟ್ಟಗಿರುತ್ತದೆ. ಕೆಳಗಿನ ಅಳತೆ ಆ ಲೆಕ್ಕದ್ದು.

ಬೇಕಾಗುವ ಸಾಮಾನು

ಬಲಿತ ತೆಂಗಿನಕಾಯಿ ಎರಡು. 200 ಮಿ.ಲೀ. ಕಾಯಿಹಾಲಿನ ಪ್ಯಾಕೆಟ್ ಒಂದು. ಸಕ್ಕರೆ 100 ಗ್ರಾಂ. ಕಂಡೆನ್ಸ್ಡ್ ಮಿಲ್ಕ್, ನಮ್ಮ ಮಾತಿನಲ್ಲಿ ಮಿಲ್ಕ್‌ಮೇಡ್, ಸುಮಾರು 400 ಗ್ರಾಂನ ಒಂದು ಡಬ್ಬಿ. ಕೆನೆಭರಿತ ಹಾಲು ಅರ್ಧ ಲೀಟರ್. ದಾಲ್ಚಿನ್ನಿ ಚಕ್ಕೆ ಬೆರಳುದ್ದದ ಎರಡು, ಲವಂಗ ನಾಲ್ಕು, ಜಾಯಿಕಾಯಿ ಒಂದು, ವೆನಿಲ್ಲಾ ಎಸೆನ್ಸ್ ಒಂದು ಟೀ ಚಮಚ, ಚಿಟಿಕೆ ಉಪ್ಪು. ಬಿಳಿ ರಮ್ 375 ಮಿ.ಲೀ., ಅಂದರೆ ಅಂಗಡಿಯವರು 'ಹಾಫ್' ಎನ್ನುವ ಬಾಟಲಿ.

ಅಂಗಡಿಯಲ್ಲೊಂದು ಎಚ್ಚರಿಕೆ. 'ಕ್ರೀಮ್ ಆಫ್ ಕೋಕನಟ್' ಎಂದು ಬರೆದದ್ದು ಸಕ್ಕರೆ ತುಂಬಿದ ಪಾಕದಂಥದ್ದು. 'ಕೋಕನಟ್ ಕ್ರೀಮ್' ಎಂದರೆ ಸಿಹಿಯಿಲ್ಲದ ಗಟ್ಟಿ ಕಾಯಿಹಾಲು. ವಿದೇಶದ ಪಾಕವಿಧಾನ ನೋಡಿ ಒಂದರ ಬದಲು ಇನ್ನೊಂದು ತಂದರೆ ಸಿಹಿಯ ಲೆಕ್ಕ ಪೂರ್ತಿ ಕೆಡುತ್ತದೆ. ಮೊದಲಿನದು ನಮ್ಮೂರಿನ ಅಂಗಡಿಗಳಲ್ಲಿ ಸಿಗುವುದೇ ಅಪರೂಪ, ಸಿಕ್ಕರೂ ದುಬಾರಿ. ಅದಕ್ಕೇ ಇಲ್ಲಿ ಪ್ಯಾಕೆಟ್ ಕಾಯಿಹಾಲು ಮತ್ತು ಸಕ್ಕರೆ.

ಎವಾಪರೇಟೆಡ್ ಮಿಲ್ಕ್ ಕೂಡ ಹಾಗೆಯೇ. ಅದಕ್ಕಾಗಿ ಊರೆಲ್ಲ ಅಲೆಯಬೇಡಿ. ಅರ್ಧ ಲೀಟರ್ ಕೆನೆಭರಿತ ಹಾಲನ್ನು ಕುದಿಸಿ 300 ಮಿ.ಲೀ.ಗೆ ಇಳಿಸಿದರೆ ಅದೇ ಗಟ್ಟಿತನ ಬರುತ್ತದೆ. ಟೋನ್ಡ್ ಹಾಲಾದರೆ 650 ಮಿ.ಲೀ.ಯಿಂದ ಶುರುಮಾಡಿ ಅಷ್ಟಕ್ಕೇ ಇಳಿಸಬೇಕು. ಅದಕ್ಕೂ ತಾಳ್ಮೆಯಿಲ್ಲದವರು 240 ಮಿ.ಲೀ. ಬಿಸಿನೀರಿಗೆ 75 ಗ್ರಾಂ ಕೆನೆಸಹಿತ ಹಾಲಿನ ಪುಡಿ ಕದಡಿಕೊಳ್ಳಬಹುದು, ತಪ್ಪೇನಿಲ್ಲ. ಬಾಸುಂದಿಯ ಹದಕ್ಕೆ ಮಾತ್ರ ಒಯ್ಯಬೇಡಿ, ಕುಡಿಯುವ ಬದಲು ಚಮಚ ಹುಡುಕಬೇಕಾಗುತ್ತದೆ.

ರಮ್ ಯಾವುದಿರಬೇಕು? ಪೋರ್ಟೊ ರಿಕೊದಲ್ಲಿ ರಮ್ಮನ್ನು ಕನಿಷ್ಠ ಒಂದು ವರ್ಷ ಮರದ ಪೀಪಾಯಿಯಲ್ಲಿ ಇಡಬೇಕೆಂದು ಕಾನೂನೇ ಇದೆ. ಬಿಳಿ ರಮ್ಮೂ ಇದಕ್ಕೆ ಹೊರತಲ್ಲ, ಆಮೇಲೆ ಇದ್ದಿಲಿನಲ್ಲಿ ಸೋಸಿ ಬಣ್ಣ ತೆಗೆಯುತ್ತಾರೆ. ಪೋಂಸೆ ಊರಿನಲ್ಲಿ 1865ರಿಂದ ನಡೆದುಬಂದ ಸೆರಾಯೆಸ್ ಕುಟುಂಬದ ಡಿಸ್ಟಿಲರಿಯ 'ಡಾನ್ ಕ್ಯೂ' ಅಲ್ಲಿನವರ ಅಚ್ಚುಮೆಚ್ಚು. ನಮ್ಮಲ್ಲಿ ಎಲ್ಲೆಡೆ ಸಿಗುವ ಬಕಾರ್ಡಿ ಕ್ಯೂಬಾದಲ್ಲಿ 1862ರಲ್ಲಿ ಹುಟ್ಟಿದ ಕಂಪನಿ. ಈಗ ಅದರ ದೊಡ್ಡ ಡಿಸ್ಟಿಲರಿ ಇರುವುದು ಸ್ಯಾನ್ ಹುವಾನ್ ಕೊಲ್ಲಿಯಾಚೆಯ ಕಟಾನ್ಯೊದಲ್ಲಿ. ಹಳ್ಳಿಗಾಡಿನ ಹಿರಿಯರು ಪಿಟೊರೊ ಎಂಬ ಮನೆಭಟ್ಟಿಯ ಕಬ್ಬಿನ ಸಾರಾಯಿ ಹಾಕುತ್ತಿದ್ದರು. ಅದನ್ನು ಇಲ್ಲಿ ಅನುಕರಿಸಲು ಹೋಗಬೇಡಿ. ಭಟ್ಟಿ ಇಳಿಸುವುದು ಅಪರಾಧ, ಗೊತ್ತಿಲ್ಲದ ಕಡೆಯ ಸಾರಾಯಿಯಲ್ಲಿ ಮೆಥನಾಲ್ ಇದ್ದರೆ ಕಣ್ಣೂ ಹೋಗಬಹುದು, ಜೀವವೂ ಹೋಗಬಹುದು. ಪರವಾನಗಿ ಇರುವ ಅಂಗಡಿಯ, ಸೀಲು ಒಡೆಯದ ಬಾಟಲಿಯೇ ಸರಿ.

ಓಲ್ಡ್ ಮಾಂಕ್ ನಡೆಯುತ್ತದೆಯೇ ಎಂದು ಕೇಳುವವರು ಖಂಡಿತ ಇರುತ್ತಾರೆ. ನಡೆಯುತ್ತದೆ. ಬಣ್ಣ ಚಹಾದ ಕಡೆ ತಿರುಗುತ್ತದೆ, ಕಾಯಿಯ ಪರಿಮಳ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ, ವೆನಿಲ್ಲಾ ಮುಂದೆ ಬರುತ್ತದೆ. ಆಗ ಎಸೆನ್ಸ್ ಹಾಕುವುದೇ ಬೇಡ. ಬೆಂಗಳೂರಿನ ಅಮೃತ್ ಡಿಸ್ಟಿಲರಿಯವರ 'ಟೂ ಇಂಡೀಸ್' ವೆಸ್ಟ್ ಇಂಡೀಸಿನ ರಮ್ಮಿಗೆ ನಮ್ಮ ಬೆಲ್ಲದ ರಮ್ ಬೆರೆಸಿದ್ದು. ಕಾಯಿಗೆ ಬೆಲ್ಲ ಒಗ್ಗದಿರುವುದುಂಟೇ? ಆದರೂ ಮೊದಲ ಸಲ ಮಾಡುವವರು ಬಿಳಿಯದನ್ನೇ ಹಿಡಿಯಿರಿ, ಮೂಲದ ರುಚಿ ಗೊತ್ತಾಗಲಿ. ಗೋವಾದ ಫೆನ್ನಿ ಹಾಕುವ ಸಾಹಸ ಬೇಡ. ಅದರ ಘಾಟಿನ ಮುಂದೆ ಬೇರೆ ಯಾವ ರುಚಿಯೂ ನಿಲ್ಲುವುದಿಲ್ಲ.

ಮಾಡುವ ಕ್ರಮ

ಕೋಕಿಟೊ ಕುಡಿಯುವ ಹಿಂದಿನ ದಿನದ ಕೆಲಸ. ಸಂಜೆ ನೆಂಟರು ಬರುವವರಿದ್ದು ಮಧ್ಯಾಹ್ನ ಶುರುಮಾಡಿದರೆ ಮಸಾಲೆ ಒಂದು ಕಡೆ, ರಮ್ ಒಂದು ಕಡೆ ನಿಲ್ಲುತ್ತದೆ. ರಾತ್ರಿಯಿಡೀ ಫ್ರಿಜ್‌ನಲ್ಲಿ ಕೂತರೆ ರಮ್ಮಿನ ಚುರುಕು ಇಳಿದು ಎಲ್ಲ ಹೊಂದಿಕೊಳ್ಳುತ್ತವೆ.

ಮೊದಲು ಹಾಲನ್ನು ಇಳಿಸಲು ಒಲೆಗಿಡಿ. ದಾಲ್ಚಿನ್ನಿ, ಲವಂಗ ಅದರಲ್ಲೇ ಬೀಳಲಿ. ಚಕ್ಕೆಯ ಬದಲು ದಾಲ್ಚಿನ್ನಿ ಪುಡಿ ಹಾಕುವ ಪದ್ಧತಿ ಅಲ್ಲಿ ಬಹಳವಿದೆ, ಆದರೆ ನಮ್ಮ ಅಂಗಡಿಗಳಲ್ಲಿ ಸಿಗುವ ಪುಡಿ ಹೆಚ್ಚಾಗಿ ಕ್ಯಾಸಿಯಾ ಜಾತಿಯದು. ಒದ್ದೆಯಾದರೆ ಲೋಳೆಯಾಗಿ ಬಾಟಲಿಯ ತಳದಲ್ಲಿ ಕೂರುತ್ತದೆ, ಕೊನೆಯ ಗ್ಲಾಸು ಕುಡಿಯುವವರ ಹಣೆಬರಹ ಅದು. ಚಕ್ಕೆಯ ಸಾರ ಹಾಲಿಗಿಳಿದರೆ ಸಾಕು. ಹಾಲು 300 ಮಿ.ಲೀ.ಗೆ ಬಂದಾಗ ಸೋಸಿ, ಕೆನೆ ಕಟ್ಟದಂತೆ ಆಗಾಗ ಕೈಯಾಡಿಸುತ್ತ ಆರಲು ಬಿಡಿ.

ಅತ್ತ ಹಾಲು ಇಳಿಯುತ್ತಿರುವಾಗ ಇತ್ತ ಕಾಯಿ ತುರಿಯಿರಿ. ಒಡೆದ ಕೂಡಲೇ ಮೂಸಿ ನೋಡಿ. ತುಸು ಮುಗ್ಗಲಿದ್ದರೂ ಆ ಕಾಯಿ ಬೇಡ. ಸಾರಿನಲ್ಲಿ ಮಸಾಲೆ ಮುಚ್ಚಿಹಾಕುವ ದೋಷವನ್ನು ಇಲ್ಲಿ ಯಾವುದೂ ಮುಚ್ಚುವುದಿಲ್ಲ. ತುರಿಯುವಾಗ ಕಂದು ಸಿಪ್ಪೆ ಬರದಂತೆ ನೋಡಿಕೊಳ್ಳಿ. ಬೆಚ್ಚಗಿನ ನೀರು ಒಂದೂವರೆ ಲೋಟ ಹಾಕಿ ರುಬ್ಬಿ, ಬಟ್ಟೆಯಲ್ಲಿ ಹಿಂಡಿದರೆ 400 ಮಿ.ಲೀ. ಆಸುಪಾಸು ಮೊದಲ ಹಾಲು ಸಿಗುತ್ತದೆ. ಇಲ್ಲಿಗೆ ಅಷ್ಟೇ ಬೇಕು. ಚರಟಕ್ಕೆ ಮತ್ತೆ ನೀರು ಹಾಕಿ ಹಿಂಡಿದ ಎರಡನೇ ಹಾಲು ರಾತ್ರಿಯ ಪಲ್ಯಕ್ಕೋ ಸಾಗುವಿಗೋ ಹೋಗಲಿ, ಕೋಕಿಟೊಗೆ ಬಂದರೆ ನೀರಾಗುತ್ತದೆ.

ಈಗ ದಪ್ಪ ತಳದ ಪಾತ್ರೆಯಲ್ಲಿ ಪ್ಯಾಕೆಟ್ ಕಾಯಿಹಾಲು, ಸಕ್ಕರೆ, ಉಪ್ಪು ಹಾಕಿ ಸಣ್ಣ ಉರಿಯಲ್ಲಿ ಸಕ್ಕರೆ ಕರಗಿಸಿ. ಕರಗಿದ ಮೇಲೆ ಹೊಸ ಕಾಯಿಹಾಲು ಸೇರಿಸಿ, ಕೈಬಿಡದೆ ತಿರುವುತ್ತ, ಅಂಚಿನಲ್ಲಿ ಸಣ್ಣ ಗುಳ್ಳೆ ಏಳುವವರೆಗೆ ಕಾಯಿಸಿ, ಇಳಿಸಿಬಿಡಿ. ಮೊದಲ ಹಾಲು ಹಾಕಿದ ಮೇಲೆ ಪಾಯಸ ಕುದಿಸಬಾರದೆಂದು ಬಲ್ಲವರಿಗೆ ಈ ಹದ ಕೈಗೇ ಗೊತ್ತು. ಮಳಮಳ ಕುದಿದರೆ ಒಡೆದು ಎಣ್ಣೆ ತೇಲುತ್ತದೆ. ಕಾಯಿಸದೆ ಹಸಿಯಾಗಿಯೇ ಹಾಕಿದರೆ ಎರಡನೇ ದಿನಕ್ಕೆ ಹುಳಿವಾಸನೆ ಬರಬಹುದು. ರಮ್ ಇದೆಯಲ್ಲ, ಕೆಡುವುದಿಲ್ಲ ಎಂಬ ನಂಬಿಕೆ ಬೇಡ. ಇಷ್ಟು ನೀರಾದ ರಮ್ಮಿಗೆ ಹಾಲನ್ನು ಕಾಯುವ ಶಕ್ತಿಯಿಲ್ಲ.

ಬಿಸಿ ಆರಿ ಉಗುರುಬೆಚ್ಚಗಾದಾಗ ಕಾಯಿಹಾಲು, ಇಳಿಸಿದ ಹಾಲು, ಮಿಲ್ಕ್‌ಮೇಡ್ ಮೂರನ್ನೂ ಮಿಕ್ಸಿಯಲ್ಲಿ ಅರ್ಧ ನಿಮಿಷ ತಿರುಗಿಸಿ. ಜಾರು ಅರ್ಧಕ್ಕಿಂತ ಹೆಚ್ಚು ತುಂಬಬೇಡಿ, ಬೆಚ್ಚಗಿನ ದ್ರವ ಮುಚ್ಚಳ ಹಾರಿಸುತ್ತದೆ. ಎರಡು ಮೂರು ಸಲವಾಗಿ ಮಾಡಿ. ಕಂಡೆನ್ಸ್ಡ್ ಮಿಲ್ಕ್‌ನ ಹಾಲಿನ ಪ್ರೋಟೀನು ಕಾಯಿಯ ಕೊಬ್ಬನ್ನು ಸಣ್ಣ ಹನಿಗಳಾಗಿ ಹಿಡಿದಿಡುತ್ತದೆ. ಪಾನೀಯದ ನುಣುಪಿನ ಗುಟ್ಟು ಇರುವುದೇ ಈ ಅರ್ಧ ನಿಮಿಷದಲ್ಲಿ. ಪೂರ್ತಿ ತಣ್ಣಗಾದ ಮೇಲೆ ಹೋಗಿ ಮಿಕ್ಸಿ ಓಡಿಸಿದರೆ ಉಲ್ಟಾ ಹೊಡೆದು ಬೆಣ್ಣೆ ಬಿಡಬಹುದು. ಕೊನೆಗೆ ವೆನಿಲ್ಲಾ, ಕಾಲು ಚಮಚ ತುರಿದ ಜಾಯಿಕಾಯಿ. ಉತ್ತರ ಕನ್ನಡ, ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಬೆಳೆದ ಇಡೀ ಕಾಯಿ ಸಿಕ್ಕರೆ ಆಗಲೇ ತುರಿಯಿರಿ; ವರ್ಷದ ಹಿಂದಿನ ಪುಡಿ ಹಾಕುವುದೂ ಒಂದೇ, ಬಿಡುವುದೂ ಒಂದೇ. ಹೆಚ್ಚು ಬೇಡ, ಜಾಯಿಕಾಯಿ ಅತಿಯಾದರೆ ಕಹಿ.

ಮಕ್ಕಳಿಗೆ, ಕುಡಿಯದವರಿಗೆ ಬೇಕಾದಷ್ಟನ್ನು ಈ ಹಂತದಲ್ಲೇ ಬೇರೆ ಬಾಟಲಿಗೆ ತೆಗೆದಿಡಿ. ರಮ್ ಇಲ್ಲದಿದ್ದರೂ ಇದು ಪೂರ್ಣ ಪಾನೀಯವೇ. ಉಳಿದದ್ದು ಪೂರ್ತಿ ಆರಿದ ಮೇಲೆ ರಮ್ಮನ್ನು ಸಣ್ಣ ಧಾರೆಯಾಗಿ ಬಿಡುತ್ತ ಚಮಚದಿಂದ ಕಲಸಿ. ಬಿಸಿ ಹಾಲಿಗೆ ರಮ್ ಬಿದ್ದರೆ ಒಡೆಯುವ ಅಪಾಯವಿದೆ, ಪರಿಮಳವೂ ಹಾರಿಹೋಗುತ್ತದೆ.

ಬಾಟಲಿಯ ಕುತ್ತಿಗೆ

ಮಾರನೇ ದಿನ ಫ್ರಿಜ್ ತೆರೆದವರು ಗಾಬರಿಯಾಗುವುದುಂಟು. ಮೇಲೆ ಬಿಳಿಯ ಗಟ್ಟಿ ಪದರ, ಕೆಳಗೆ ದ್ರವ. ಕೆಟ್ಟಿಲ್ಲ. ತೆಂಗಿನ ಕೊಬ್ಬು ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಡಬ್ಬಿಯಲ್ಲಿ ನೋಡಿಯೇ ಇರುತ್ತೀರಿ. ತೊಂದರೆಯೆಂದರೆ ಕಿರಿದಾದ ಕುತ್ತಿಗೆಯ ಬಾಟಲಿಯಲ್ಲಿ ಅದು ಬೆಣೆಯಾಗಿ ಕೂತು, ಬಗ್ಗಿಸಿದರೆ ಏನೂ ಬರುವುದಿಲ್ಲ. ಬಾಟಲಿಯನ್ನು ಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ನಿಲ್ಲಿಸಿ ಜೋರಾಗಿ ಕುಲುಕಿದರೆ ಕರಗುತ್ತದೆ. ಕುಲುಕಲು ಜಾಗ ಬೇಕಲ್ಲ, ಆದ್ದರಿಂದ ತುಂಬುವಾಗಲೇ ನಾಲ್ಕು ಬೆರಳು ಖಾಲಿ ಬಿಡಿ. ಉಡುಗೊರೆಗಲ್ಲದೆ ಮನೆಗಾದರೆ ಅಗಲ ಬಾಯಿಯ ಗಾಜಿನ ಜಾಡಿಯೇ ವಾಸಿ.

ಹೊಸ ಕಾಯಿ ಹಾಕಿ ಮಾಡಿದ್ದನ್ನು ನಾಲ್ಕೈದು ದಿನದಲ್ಲಿ ಮುಗಿಸಿ. ಎಲ್ಲವೂ ಡಬ್ಬಿಯದಾದರೆ ಫ್ರಿಜ್‌ನ ಒಳಭಾಗದಲ್ಲಿ ಎರಡು ಮೂರು ವಾರ ಬರುತ್ತದೆ. ಬಾಗಿಲಿನ ಗೂಡಿನಲ್ಲಿ ಬೇಡ, ಅಲ್ಲಿ ತಂಪು ಏರಿಳಿಯುತ್ತದೆ. ಉಡುಗೊರೆ ಕೊಡುವಾಗ ಮಾಡಿದ ತಾರೀಖು ಬರೆದು ಅಂಟಿಸಿ. ಬರೆಯುವಾಗ 'ರಮ್ ಇದೆ' ಎಂಬ ಎರಡು ಪದವೂ ದೊಡ್ಡದಾಗಿರಲಿ. ಮನೆಯ ಮಗು ಮಿಲ್ಕ್‌ಶೇಕ್ ಎಂದು ಬಗ್ಗಿಸಿಕೊಳ್ಳುವುದು ಬಹಳ ಸುಲಭ. ಕಂಪು, ಬಣ್ಣ, ರುಚಿ ಯಾವುದೂ ಎಚ್ಚರಿಸುವುದಿಲ್ಲ.

ದೊಡ್ಡವರನ್ನೂ ಅದು ಹಾಗೆಯೇ ಮೋಸ ಮಾಡುತ್ತದೆ. ಲೆಕ್ಕ ಹಾಕಿ: ನಮ್ಮ ರಮ್ 42.8 ಶೇಕಡಾ. 375 ಮಿ.ಲೀ. ರಮ್ ಸೇರಿ ಒಟ್ಟು ಒಂದೂವರೆ ಲೀಟರಿಗೆ ಸ್ವಲ್ಪ ಮೇಲಾದಾಗ ಪಾನೀಯದ ಆಲ್ಕೋಹಾಲ್ ಹತ್ತಿರ ಹತ್ತಿರ ಶೇ. 10, ವೈನಿಗಿಂತ ತುಸು ಕಡಿಮೆ. 75 ಮಿ.ಲೀ. ಸಣ್ಣ ಗ್ಲಾಸಿನಲ್ಲಿ ಕೊಟ್ಟರೆ ಎರಡು ಗ್ಲಾಸು ಸೇರಿ 30 ಮಿ.ಲೀ.ಯ ಒಂದು ಪೆಗ್ಗನ್ನು ಮೀರುತ್ತದೆ. ಪೋರ್ಟೊ ರಿಕೊದವರು ಸಣ್ಣ ಗ್ಲಾಸು ಬಳಸುವುದು ಜಿಪುಣತನದಿಂದಲ್ಲ. ನೀರಿನ ಲೋಟದಲ್ಲಿ ತುಂಬಿಸಿ ಕೊಡಬೇಡಿ, ಗಾಡಿ ಓಡಿಸುವವರಿಗೆ ರಮ್ ಇಲ್ಲದ ಬಾಟಲಿಯಿಂದಲೇ ಕೊಡಿ. ಐಸ್ ಹಾಕುವುದೂ ಬೇಡ, ಕರಗಿ ನೀರಾಗುತ್ತದೆ. ಮೇಲೆ ಚೂರು ಜಾಯಿಕಾಯಿ ತುರಿದರಾಯಿತು.

ಮೊಟ್ಟೆಯ ವಿಚಾರಕ್ಕೆ ಅಲ್ಲಿ ಮನೆಗಳೇ ಎರಡಾಗುತ್ತವೆ. ಕೆಲವರು ಹಳದಿ ಭಂಡಾರ ಸೇರಿಸುತ್ತಾರೆ. ಮೊಟ್ಟೆ ಬಿದ್ದರೆ ಅದು ಪೊಂಚೆ, ಕೋಕಿಟೊ ಅಲ್ಲ ಎಂದು ಉಳಿದವರು ಮೂಗು ಮುರಿಯುತ್ತಾರೆ. ನಾನು ಎರಡನೇ ಪಕ್ಷ. ಕಾಯಿಯ ದಪ್ಪವೇ ಸಾಕಾಗಿರುವಾಗ ಮೊಟ್ಟೆಗೆ ಕೆಲಸವಿಲ್ಲ. ಹಾಕಲೇಬೇಕೆಂದರೆ ಹಸಿಯಾಗಿ ಬೇಡ, ಹಾಲಿನ ಜೊತೆ 71 ಡಿಗ್ರಿಗೆ ಕಾಯಿಸಿ ಹಾಕಿ.

ಚಾಕೊಲೇಟ್, ಪಿಸ್ತಾ, ಸೀಬೆಹಣ್ಣು ಎಂದು ನ್ಯೂಯಾರ್ಕಿನ ಪೋರ್ಟೊ ರಿಕೊದವರು ಈಗ ನೂರು ಬಗೆ ಮಾಡುತ್ತಾರೆ, ಪೂರ್ವ ಹಾರ್ಲೆಮ್‌ನಲ್ಲಿ ಸ್ಪರ್ಧೆಯನ್ನೂ ಇಡುತ್ತಾರೆ. ನಮ್ಮ ಕಡೆಗೆ ಹೊಂದುವುದು ಕಾಫಿಯದು. ರಮ್ ಹಾಕುವ ಮೊದಲು ಗಟ್ಟಿ ಫಿಲ್ಟರ್ ಡಿಕಾಕ್ಷನ್ 60 ಮಿ.ಲೀ. ಬೆರೆಸಿದರೆ ಸಿಹಿಯ ಮೊಂಡುತನ ಮುರಿಯುತ್ತದೆ. ಚಿಕೋರಿ ಕಡಿಮೆ ಇರುವ ಪುಡಿಯಾದರೆ ಒಳ್ಳೆಯದು.

ಜೊತೆಗೆ ತಿನ್ನಲು ಏನು? ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ಮನೆಯ ದ್ರಾಕ್ಷಿ ವೈನೂ ಕುಸ್ವಾರಿನ ತಟ್ಟೆಯೂ ಇದ್ದೇ ಇರುತ್ತವೆ. ಆದರೆ ಕಿಡಿಯೊ, ನೆವ್ರಿಗಳ ಸಿಹಿಯ ಮೇಲೆ ಕೋಕಿಟೊ ಬಿದ್ದರೆ ಬಾಯಿ ಕಟ್ಟುತ್ತದೆ. ಖಾರದ ಚಕ್ಕುಲಿ, ಮೆಣಸಿನಪುಡಿ ಉದುರಿಸಿ ಹುರಿದ ಗೋಡಂಬಿ, ಹಪ್ಪಳ, ಉಪ್ಪು ಹಾಕಿದ ಬಾಳೆಕಾಯಿ ಚಿಪ್ಸ್ ಸರಿಯಾದ ಜೋಡಿ. ಪೋರ್ಟೊ ರಿಕೊದಲ್ಲೂ ಇದರ ಪಕ್ಕ ಬರುವುದು ಸುಟ್ಟ ಹಂದಿಮಾಂಸ, ಬಾಳೆ ಎಲೆಯಲ್ಲಿ ಕಟ್ಟಿ ಬೇಯಿಸಿದ ಪಾಸ್ಟೆಲೆಸ್ ಮುಂತಾದ ಉಪ್ಪಿನ ತಿಂಡಿಗಳೇ.

ತಳದಲ್ಲಿ ಒಂದಿಷ್ಟು ಉಳಿದು, ನಾಲ್ಕೈದು ದಿನದ ಗಡುವು ಹತ್ತಿರವಾದರೆ ಅಗಲ ತಟ್ಟೆಗೆ ಸುರಿದು ಫ್ರೀಜರ್‌ನಲ್ಲಿಡಿ. ಸಕ್ಕರೆ, ಆಲ್ಕೋಹಾಲ್ ಎರಡೂ ಇರುವುದರಿಂದ ಅದು ಪೂರ್ತಿ ಗಟ್ಟಿಯಾಗುವುದಿಲ್ಲ. ಗಂಟೆಗೊಮ್ಮೆ ಫೋರ್ಕಿನಿಂದ ಕೆದಕುತ್ತಿದ್ದರೆ ಸಂಜೆಗೆ ಚಮಚದಲ್ಲಿ ತಿನ್ನುವ ಹದಕ್ಕೆ ಬರುತ್ತದೆ. ಇದನ್ನೂ ದೊಡ್ಡವರಿಗೆ ಮಾತ್ರ ಕೊಡಿ; ಹೆಪ್ಪುಗಟ್ಟಿದ ಮಾತ್ರಕ್ಕೆ ರಮ್ ಎಲ್ಲೂ ಹೋಗಿರುವುದಿಲ್ಲ.